ಗೇಟು ಮತ್ತೆ ಕಿರುಗುಟ್ಟಬೇಕು

ತರಾಜ್, ಮಾರ್ಚ್ ೪

ನನ್ನ ಬಲ್ಕಿಯಾ,

ನೀನು, ನಿನ್ನ ಮನೆಯವರು, ನಿನ್ನ ಆ ಹಟಮಾರಿ ಹಸು ಎಲ್ಲರೂ ಕ್ಷೇಮ ತಾನೆ? ಚಳಿ ಶುರುವಾಗುವಾಗ ನೀನು ಬರೆದ ಕಾಗದಕ್ಕೆ ಚಳಿ ಮುಗಿಯುವಾಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಮಂಡಿನೋವು ಎಂದು ನೆವ ಹೇಳಬಹುದಿತ್ತು. ಆದರೆ "ಮಂಡೀಲಿ ಬರೀತೀಯೇನೇ?" ಎಂದು ನೀನು ಸೆಮೇ ಊರಿನಿಂದಲೇ ಮೂತಿ ತಿರುವುತ್ತೀಯ. ನಿಜ ಹೇಳುತ್ತೇನೆ. ಬರೆಯಲು ಕೂತಾಗಲೆಲ್ಲ ನಮ್ಮ ಮುದುಕ ಹಿಂದೆ ಬಂದು ನಿಲ್ಲುತ್ತಿದ್ದ. ಫೋನ್ ಮಾಡೋಣವೆಂದರೆ ಅದು ಇರುವುದು ಅವನ ಕುರ್ಚಿಯ ಪಕ್ಕದಲ್ಲೇ. ಇವತ್ತು ಕಾರು ತೆಗೆದುಕೊಂಡು ಹೋಗಿದ್ದಾನೆ. ಎಲ್ಲಿಗೆ ಎಂದು ಕೇಳಬೇಡ, ಅದು ಗೊತ್ತಿದ್ದರೆ ನಾನೇಕೆ ಈ ಕಾಗದ ಬರೆಯುತ್ತಿದ್ದೆ?

ಹೊಲಿಗೆ ಶಾಲೆಯ ಹಾಸ್ಟೆಲಿನಲ್ಲಿ ಇಡೀ ಮಹಡಿಯ ಹುಡುಗಿಯರು ನಿನ್ನ ಬಾಗಿಲು ತಟ್ಟುತ್ತಿದ್ದರಲ್ಲ, ನೆನಪಿದೆಯೇ? ಕೋಟಿನ ಮೇಲೆ ಚೆಲ್ಲಿದ ಶಾಯಿ, ಮಿಷನ್ನಿನ ದಾರ ಕಡಿಯುವ ರೋಗ, ತಲೆಯ ಹೇನು, ಎಲ್ಲಕ್ಕೂ ನಿನ್ನಲ್ಲಿ ಮದ್ದಿತ್ತು. ಈಗ ನಾನೂ ತಟ್ಟುತ್ತಿದ್ದೇನೆ. ನಗಬೇಡ. ಸದ್ದು ಮಾಡದ ಗೇಟನ್ನು ಕಿರುಗುಟ್ಟುವಂತೆ ಮಾಡುವುದು ಹೇಗೆ?

ನಮ್ಮ ಹಸಿರು ತಗಡಿನ ಗೇಟು ನಿನಗೆ ಗೊತ್ತಲ್ಲ. ನೀನು ಬಂದಿದ್ದಾಗ "ಇದೇನೇ ಮರಿ ಕಳ್ಕೊಂಡ ಒಂಟೆ ಥರ ಅಳುತ್ತೆ, ಒಂದು ಹನಿ ಎಣ್ಣೆ ಬಿಡ್ಬಾರ್ದಾ?" ಅಂದಿದ್ದೆ. ಎಣ್ಣೆ ಬಿಡಿ ಎಂದು ನಾನು ಮದುವೆಯಾಗಿ ಬಂದ ವರ್ಷದಿಂದ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೆ. ಆಮೇಲೆ ಅದೇ ಅಭ್ಯಾಸವಾಯಿತು. ಯಾರು ಬಂದರೂ ಅಡುಗೆಮನೆಗೆ ಕೇಳಿಸುತ್ತಿತ್ತು, ಪಕ್ಕದ ಮನೆಯ ರಾಬಿಗಾಗೂ ಕೇಳಿಸುತ್ತಿತ್ತು. ಗೇಟು ಕಿರ್ ಎಂದರೆ ಅವಳ ಕಿಟಕಿಯ ಪರದೆ ಸರಿಯುತ್ತಿತ್ತು. ಹೋದ ತಿಂಗಳು ಒಂದು ಮಂಗಳವಾರ ಮಂಡಿಗೆ ಶಾಖ ಕೊಡಿಸಿಕೊಂಡು ಆಸ್ಪತ್ರೆಯಿಂದ ಬಂದು ಗೇಟು ತಳ್ಳುತ್ತೇನೆ, ಸದ್ದೇ ಇಲ್ಲ. ಕೀಲಿಗೆ ಬೆರಳು ತಾಗಿಸಿ ನೋಡಿದೆ, ಕರಿ ಎಣ್ಣೆ. "ಏನ್ರೀ ಇದು?" ಅಂದೆ. "ನೀನೇ ಹೇಳ್ತಿದ್ದೆಯಲ್ಲ ಮಾರಾಯ್ತಿ" ಅಂದ. "ನಾನು ಹೇಳಿದ್ದು ನಮ್ಮ ಮಗ ಹುಟ್ಟೋಕೆ ಮುಂಚೆ" ಅಂದೆ. "ಈಗ ಕಿವಿಗೆ ಬಿತ್ತು" ಅಂದ. ಹೆಂಡತಿಯ ಮಾತು ಇಷ್ಟು ವರ್ಷ ತಡವಾಗಿ ಕಿವಿಗೆ ಬೀಳುವ ಗಂಡಸನ್ನು ನೀನು ನಂಬುತ್ತೀಯಾ?

ಅಕ್ತೋಸ್ ನಾಯಿಯೂ ಬೊಗಳುವುದು ಬಿಟ್ಟಿದೆ. ಅಂಚೆಯವನನ್ನು ಕಂಡರೆ ಸರಪಳಿ ಕಿತ್ತುಹೋಗುವ ಹಾಗೆ ಎಗರುತ್ತಿದ್ದ ಪ್ರಾಣಿ ಅದು. ಈಗ ನಾನು ಆಸ್ಪತ್ರೆಗೆ ಹೋದ ದಿನಗಳಲ್ಲಿ ಮನೆಯಲ್ಲಿ ನಾಯಿ ಇದೆಯೆಂಬುದೇ ಗೊತ್ತಾಗುವುದಿಲ್ಲವಂತೆ, ರಾಬಿಗಾ ಹೇಳಿದಳು. "ಮಂಗಳವಾರ, ಶುಕ್ರವಾರ ನಿಮ್ಮನೆ ಮಸೀದಿ ಥರ ಇರುತ್ತಲ್ಲ ಉರ್ಕಿಯಾ ಅಕ್ಕ" ಅಂದಳು, ಅಂದು ನನ್ನ ಮುಖವನ್ನೇ ನೋಡಿದಳು. ನಾಯಿ ಬೇರೆ ದಪ್ಪಗಾಗಿದೆ. ನಾನು ಹಾಕುವ ಅನ್ನದಲ್ಲಿ ದಪ್ಪಗಾಗುವುದಿದ್ದರೆ ಎಂದೋ ಆಗಬೇಕಿತ್ತು. ಯಾರೋ ಮಾಂಸದ ಮೂಳೆ ತಂದು ಹಾಕುತ್ತಿದ್ದಾರೆ.

ಕಾರಿನ ವಿಷಯ ಕೇಳು. ನಮ್ಮ ಮುದಿ ಝಿಗುಲಿಯ ಹಿಂದಿನ ಕಿಟಕಿ ಎಂದೋ ಕೆಟ್ಟು ಕೂತಿತ್ತು, ಬೇಸಿಗೆಯಲ್ಲಿ ಹಿಂದೆ ಕೂತವರು ಬೆಂದುಹೋಗಬೇಕು. ಮೊನ್ನೆ ನೋಡಿದರೆ ಗಾಜು ಸಲೀಸಾಗಿ ಇಳಿಯುತ್ತದೆ. ಸೀಟಿನ ಮೇಲೆ ನಾನು ಹೊಲಿದ ದಿಂಬು ಬೇರೆ. ದಿಂಬು ಎತ್ತಿದರೆ ಕೆಳಗೆ ಒಂದು ಬಾವುರ್ಸಾಕ್ ಸಿಕ್ಕಿತು. ಮನೆಯಲ್ಲಿ ನಾನು ಕರಿಯುವ ಬಾವುರ್ಸಾಕ್ ಗುಂಡಗಿರುತ್ತದೆಂದು ಇಡೀ ಬೀದಿಗೆ ಗೊತ್ತು. ಇದನ್ನು ಹಿಟ್ಟು ಲಟ್ಟಿಸಿ, ಓರೆಯಾಗಿ ಕುಯ್ದು ಕರಿದಿದ್ದರು. ಬೇರೆ ಕೈ, ಬೇರೆ ಬಾಣಲೆ.

ಬಾಯಿಬಿಟ್ಟು ಹೇಳಿಬಿಡುತ್ತೇನೆ. ಎರಡನೆಯವಳು ಬಂದಿದ್ದಾಳೆ ಅನ್ನಿಸುತ್ತಿದೆ. ಮೀಸೆ ಬೆಳ್ಳಗಾದ ಮೇಲೆ ಎರಡನೆಯವಳನ್ನು ಕಟ್ಟಿಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವನು ಹೋದರೆ ಹೋಗಲಿ, ಗೊರಕೆಯಾದರೂ ತಪ್ಪೀತು. ನನಗಿರುವ ಭಯ ಬೋತಾಳದ್ದು. ಮಗ ಜಾಂದೋಸ್ ಹುಟ್ಟಿದ ಮೇಲೆ ನನಗೆ ಮತ್ತೆ ಮಗುವಾಗಲಿಲ್ಲ. ನಮ್ಮಲ್ಲಿ ನಡೆದುಬಂದ ಹಾಗೆ ಜಾಂದೋಸನ ಚೊಚ್ಚಲ ಮಗು ಬೋತಾಳನ್ನು ನಮ್ಮ ಮಡಿಲಿಗೆ ಹಾಕಿದರು. ಬಾಣಂತನ ಮುಗಿದ ದಿನದಿಂದ ಅವಳು ನನ್ನ ಮಗಳು. ನನ್ನನ್ನು ಅಮ್ಮ ಅನ್ನುತ್ತಾಳೆ, ಮುದುಕನನ್ನು ಅಪ್ಪ ಅನ್ನುತ್ತಾಳೆ. ಹುಟ್ಟಿಸಿದ ಜಾಂದೋಸ್ ಅವಳಿಗೆ ಅಣ್ಣ, ಹೆತ್ತ ಶೋಲ್ಪಾನ್ ಅತ್ತಿಗೆ. ಹತ್ತು ವರ್ಷದ ಹುಡುಗಿ, ಈಗಲೂ ನನ್ನ ಸೆರಗಿನ ತುದಿ ಹಿಡಿದುಕೊಂಡೇ ನಿದ್ದೆ ಹೋಗುತ್ತಾಳೆ. ಈ ಮನೆಯೊಳಗೆ ಇನ್ನೊಬ್ಬ ಹೆಂಗಸು ಕಾಲಿಟ್ಟರೆ ಆ ಮಗು ಯಾರ ಪಾಲಾಗುತ್ತದೆ? ನನಗೆ ಬೇರೇನೂ ಬೇಡ ಕಣೆ, ಅವಳು ನನ್ನ ಹತ್ತಿರ ಇರಬೇಕು.

ಅದಕ್ಕೇ ಗೇಟು ಕಿರುಗುಟ್ಟಬೇಕು. ರಾಬಿಗಾಳ ಪರದೆ ಸರಿಯಬೇಕು. ಬೇಗ ಬರೆ. ಲಕೋಟೆಯ ಮೇಲೆ ನಿನ್ನ ಹೆಸರು ಹಾಕಬೇಡ.

ನಿನ್ನ ಉರ್ಕಿಯಾ

ತಾ.ಕ.: ನೀನು ಕಳಿಸಿದ್ದ ಒಣ ಹಣ್ಣಿನ ಪೊಟ್ಟಣ ಸ್ವಲ್ಪ ಹಗುರ ಅನ್ನಿಸಿತು. ಅಂಚೆಯವನೋ, ನಮ್ಮ ಮುದುಕನೋ, ತಿಳಿಯದು.

•

ತರಾಜ್, ಮಾರ್ಚ್ ೨೫

ಬಲ್ಕಿಯಾ, ನನ್ನ ಜೀವವೇ,

ಹೊಸ ವರ್ಷದ ಹಬ್ಬ ನಿನಗೆ ಶುಭ ತರಲಿ, ನಿಮ್ಮ ಮನೆಯ ಹಾಲು ಉಕ್ಕಲಿ. ನಿನ್ನ ಕಾಗದ ಹಬ್ಬಕ್ಕೆ ಮೊದಲೇ ಕೈ ಸೇರಿತ್ತು. ಹಬ್ಬದ ಗಂಜಿ ಕಾಯಿಸುವ ಗಡಿಬಿಡಿಯಲ್ಲಿ ಉತ್ತರ ತಡವಾಯಿತು ಎಂದು ಬರೆಯಬಹುದು, ಆದರೆ ಮೂರು ದಿನದಿಂದ ಪೆನ್ನು ಹಿಡಿಯಲು ಕೈಯೇ ಬರಲಿಲ್ಲ.

ಮೊದಲು ನಿನ್ನ ಮದ್ದಿನ ವರದಿ ಒಪ್ಪಿಸುತ್ತೇನೆ. ಹೇಳಿದಂತೆ ಕೀಲನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಉಪ್ಪುನೀರು ಚಿಮುಕಿಸಿದೆ. ಮೂರನೆಯ ದಿನಕ್ಕೆ ಸಣ್ಣಗೆ ಕುಯ್ ಅಂದಿತು. ನನಗೋ ಕೂಸು ಮೊದಲು ಮಾತಾಡಿದಷ್ಟು ಸಂತೋಷ. ಮರುದಿನ ಮತ್ತೆ ಸದ್ದಿಲ್ಲ, ಮುದುಕ ಎಣ್ಣೆ ಬಿಟ್ಟಿದ್ದ. ಮತ್ತೆ ತೊಳೆದೆ, ಮತ್ತೆ ಬಿಟ್ಟ. ಊಟಕ್ಕೆ ಕೂತಾಗ ನನ್ನ ಕೈ ಸೀಮೆಎಣ್ಣೆ ನಾರುತ್ತಿತ್ತು, ಅವನ ಕೈ ಕಾರಿನ ಎಣ್ಣೆ ನಾರುತ್ತಿತ್ತು. ಬೋತಾ ಮೂಗು ಮುಚ್ಚಿಕೊಂಡು, "ನಮ್ಮನೆ ಊಟದ ಮನೆನಾ, ಗ್ಯಾರೇಜಾ?" ಅಂದಳು. ನಕ್ಕಳು, ಆದರೆ ಅಪ್ಪನ ಮುಖ ನೋಡಿಕೊಂಡು ನಕ್ಕಳು. ಅದನ್ನೂ ನಾನು ಗಮನಿಸಿದೆ.

ನಿನ್ನ ಎರಡನೆಯ ಮಾತೇ ನನ್ನ ತಲೆಯಲ್ಲಿ ಹುಳ ಬಿಟ್ಟಿದ್ದು. "ಹೆಂಗಸಿನ ಹುಚ್ಚು ಹಿಡಿದ ಗಂಡಸು ಮೊದಲು ಹೊಸ ಅಂಗಿ ಹೊಲಿಸುತ್ತಾನೆ, ಹಲ್ಲು ಕಟ್ಟಿಸುತ್ತಾನೆ. ನಿನ್ನ ಗಂಡ ಒರಿನ್‌ಬೆಕ್ ಏನು ಮಾಡಿದ್ದಾನೆ?" ಎಂದು ಕೇಳಿದ್ದೆ. ಏನೂ ಮಾಡಿಲ್ಲ. ಅದೇ ತೇಪೆ ಹಾಕಿದ ಕೋಟು, ಅದೇ ಎರಡು ಹಲ್ಲು ಇಲ್ಲದ ಬಾಯಿ. ಇನ್ನೊಂದು ಬರೆದಿದ್ದೆ: "ತನ್ನವಳನ್ನು ಯಾರಾದರೂ ಹಿಂದಿನ ಸೀಟಿನಲ್ಲಿ ಕೂರಿಸುತ್ತಾರೆಯೇ? ಪಕ್ಕದಲ್ಲಿ ಕೂರಿಸಿಕೊಂಡು ಊರಿಗೆಲ್ಲ ತೋರಿಸುತ್ತಾರೆ." ಓದಿ ನಕ್ಕೆ. ನಕ್ಕು, ಹಬ್ಬದ ಹಿಟ್ಟು ಕಲಸಲು ಕೂತವಳು ಹಾಗೇ ಕೈ ನಿಲ್ಲಿಸಿಬಿಟ್ಟೆ. ಹಿಂದಿನ ಸೀಟಿನಲ್ಲೇ ಕೂರುವವಳು ಯಾರು? ಮಾವ ಕಾರು ನಡೆಸುವಾಗ ಅವನ ಪಕ್ಕದಲ್ಲಿ ಕೂರಬಾರದವಳು. ಬಾಡಿಗೆ ಕಾರಾದರೂ ಸರಿ, ಸ್ವಂತ ಕಾರಾದರೂ ಸರಿ, ಹಿಂದೆ ಕೂತು ತಲೆವಸ್ತ್ರ ಎಳೆದುಕೊಳ್ಳುವ ಸೊಸೆ.

ಇರಲಿಕ್ಕಿಲ್ಲ ಎಂದುಕೊಂಡೆ. ಜಾಂದೋಸನೂ ಶೋಲ್ಪಾನಳೂ ಕಾಸ್ಪಿಯನ್ ದಂಡೆಯ ಕೆಲಸ ಬಿಟ್ಟು ಈ ಊರಿನ ಆಚೆ ತುದಿಯ ಹೊಸ ಬಡಾವಣೆಗೆ ಬಂದು ವರ್ಷವಾಯಿತು. ನಮ್ಮ ಮನೆಗೆ ಬರುವುದು ಹಬ್ಬಕ್ಕೆ, ಸಾವಿಗೆ. ಬಂದಾಗ ಶೋಲ್ಪಾನ್ ಬಾಗಿಲ ಹತ್ತಿರ ಕೂತು ಚಹಾ ಬಗ್ಗಿಸಿಕೊಡುತ್ತಾಳೆ, ಬೋತಾಳಿಗೆ ಒಂದು ಚಾಕಲೇಟು ಕೊಟ್ಟು "ಚೆನ್ನಾಗಿ ಓದ್ತಿದ್ದೀಯಾ?" ಅಂತ ಕೇಳುತ್ತಾಳೆ, ಅಷ್ಟೇ. ಒಳ್ಳೆಯ ಮನೆತನದ ಹುಡುಗಿ. ಅತ್ತೆಯ ಮಡಿಲಿಗೆ ಕೊಟ್ಟ ಕೂಸನ್ನು ಸೊಸೆ ವಾಪಸು ಕೇಳುವುದುಂಟೇ? ನಮ್ಮಲ್ಲಿ ಅದು ಬಾಯಿಗೆ ಬರುವ ಮಾತೇ ಅಲ್ಲ. ಮೊದಲನೆಯದು ಹಿರಿಯರಿಗೆ, ಉಳಿದವು ನಿಮಗೆ ಎಂದಿದ್ದೆವು. ಉಳಿದವು ಹುಟ್ಟಲಿಲ್ಲ. ಡಾಕ್ಟರ ಹತ್ತಿರ ಹೋದರು, ದರ್ಗಾಗಳಿಗೆ ಹೋದರು. ಅದಕ್ಕೆ ನಾನೇನು ಮಾಡಲಿ ಹೇಳು.

ಹಬ್ಬದ ದಿನ ಜನವೋ ಜನ. ಅಕ್ತೋಸ್ ಬೊಗಳಿದ್ದೇ ಬೊಗಳಿದ್ದು. ನನ್ನ ತಮ್ಮನಿಗೆ ಬೊಗಳಿತು, ಮುಲ್ಲಾನಿಗೆ ಬೊಗಳಿತು, ರಾಬಿಗಾಳ ಲಂಗಕ್ಕೆ ಬಾಯಿ ಹಾಕಿತು. ಗಂಟಲು ಕೆಟ್ಟಿಲ್ಲ ಎಂದು ನಾನು ಸಮಾಧಾನಪಡುವಷ್ಟರಲ್ಲಿ ಜಾಂದೋಸ್ ಒಳಗೆ ಬಂದ. ಹೆತ್ತ ಮಗನಿಗೂ ಬೊಗಳಿತು. ಅವನ ಹಿಂದೆ ಶೋಲ್ಪಾನ್. ಬಲ್ಕಿಯಾ, ಆ ನಾಯಿ ಬಾಯಿ ಮುಚ್ಚಿತು. ಬಾಲ ಅಲ್ಲಾಡಿಸಿಕೊಂಡು ಸರಪಳಿ ಎಳೆದುಕೊಂಡು ಹೋಗಿ ಅವಳ ಬೂಟಿನ ಮೇಲೆ ಗದ್ದ ಊರಿ ಮಲಗಿತು. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಮುದುಕ "ಹಬ್ಬದ ದಿನ ನಾಯಿಗೂ ಒಳ್ಳೆ ಬುದ್ಧಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವಳು ಬಟ್ಟೆ ಮುಚ್ಚಿ ತಂದಿದ್ದ ತಟ್ಟೆ ತೆಗೆದರೆ ಬಾವುರ್ಸಾಕ್. ಲಟ್ಟಿಸಿ, ಓರೆಯಾಗಿ ಕುಯ್ದು ಕರಿದಿದ್ದು. "ನಮ್ಮ ತೌರಿನ ಕಡೆ ಹೀಗೇ ಮಾಡೋದು ಅತ್ತೆ, ರುಚಿ ನೋಡಿ" ಅಂದಳು. ತಿಂದೆ. ಚೆನ್ನಾಗಿತ್ತು. ನನ್ನದಕ್ಕಿಂತ ಹಗುರವಾಗಿತ್ತು.

ಆ ಹೊತ್ತಿಗೆ ಇನ್ನೊಂದೂ ನೆನಪಾಯಿತು. ಎರಡು ತಿಂಗಳಿಂದ, ನಾನು ಆಸ್ಪತ್ರೆಗೆ ಹೋದ ದಿನ, ಬೋತಾಳ ಜಡೆ ಸಂಜೆಯವರೆಗೂ ಬಿಗಿಯಾಗಿಯೇ ಇರುತ್ತದೆ, ಶಾಲೆಯಲ್ಲಿ ಕುಣಿದು ಬಂದ ಹುಡುಗಿಯ ಜಡೆ ಅಲ್ಲವೇ ಅಲ್ಲ. ರಿಬ್ಬನ್ನಿನ ಗಂಟು ಮಾತ್ರ ನನ್ನದಾಗಿರುವುದಿಲ್ಲ. "ಯಾರೇ ಕಟ್ಟಿದ್ದು?" ಅಂದರೆ "ಸ್ನೇಹಿತೆ" ಅನ್ನುತ್ತಾಳೆ, ಅಂದು ನೀರು ಕುಡಿಯಲು ಓಡುತ್ತಾಳೆ.

ಎರಡನೆಯವಳು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳ ಜುಟ್ಟು ಹಿಡಿದು ಬೀದಿಗೆ ಎಳೆಯುತ್ತಿದ್ದೆ, ಊರೆಲ್ಲ ನನ್ನ ಪರ ನಿಲ್ಲುತ್ತಿತ್ತು. ಇವಳನ್ನು ಏನು ಮಾಡಲಿ? ಮುದುಕನೇ ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನನ್ನ ಮನೆಗೆ ಕರೆತರುತ್ತಿದ್ದಾನೆ, ನನ್ನ ಗೇಟಿಗೆ ಎಣ್ಣೆ ಬಿಟ್ಟು, ನನ್ನ ನಾಯಿಗೆ ಮೂಳೆ ಹಾಕಿ. ಇಬ್ಬರೂ ಸೇರಿ ನನ್ನ ಬೋತಾಳನ್ನು ಸ್ವಲ್ಪ ಸ್ವಲ್ಪವಾಗಿ ಆಚೆ ಸಾಗಿಸುತ್ತಿದ್ದಾರೆ ಅನ್ನಿಸುತ್ತಿದೆ. ಒಂದು ದಿನ ನಾನು ಆಸ್ಪತ್ರೆಯಿಂದ ಬರುತ್ತೇನೆ, ಅವಳ ಪುಸ್ತಕದ ಚೀಲ ಮೊಳೆಯ ಮೇಲೆ ಇರುವುದಿಲ್ಲ.

ಇನ್ನು ಕೀಲು ತೊಳೆಯುವುದಿಲ್ಲ. ಎಣ್ಣೆ ಹಾಗೇ ಇರಲಿ. ಅವಳು ಸದ್ದಿಲ್ಲದೆ ಬರಬಹುದಾದರೆ ನಾನೂ ಬರಬಹುದು.

ಉರ್ಕಿಯಾ

•

ತರಾಜ್, ಏಪ್ರಿಲ್ ೧೪

ಪ್ರೀತಿಯ ಬಲ್ಕಿಯಾ,

ಹೇಗಿದ್ದೀಯ? ನಮ್ಮ ಜರದಾಳು ಮರ ಈ ಸಲ ತಡವಾಗಿ ಹೂ ಬಿಟ್ಟಿದೆ, ನನ್ನ ಉತ್ತರವೂ ತಡವಾಯಿತು, ಎರಡನ್ನೂ ಕ್ಷಮಿಸು. ನಿನ್ನ ಹಿಂದಿನ ಕಾಗದದ ಮೇಲೆ ನನಗೆ ಸ್ವಲ್ಪ ಅನುಮಾನವಿದೆ. ಹಾಸ್ಟೆಲಿನಲ್ಲಿ ಸೂಜಿ ಕಳೆದರೂ ಇಡೀ ಮಹಡಿ ಜಾಲಾಡುತ್ತಿದ್ದವಳು ಈಗ "ಬಿಟ್ಟುಬಿಡು ಉರ್ಕಿಯಾ, ಹುಡುಕಬೇಡ" ಎಂದು ಒಂದೇ ಸಾಲು ಬರೆದಿದ್ದೀಯ. ನಮ್ಮ ಮುದುಕ ನಿನಗೆ ಫೋನ್ ಮಾಡಿದ್ದನೇ? ಮಾಡಿದ್ದರೆ ಹೇಳಿಬಿಡು. ಈಗ ಕೋಪವಿಲ್ಲ.

ಹುಡುಕಿದ್ದಾಯಿತು. ಶುಕ್ರವಾರ ಎಂದಿನ ಹಾಗೆ ಆಸ್ಪತ್ರೆಗೆ ಹೊರಟೆ. ಮುದುಕ ಗೇಟಿನವರೆಗೂ ಬಂದು "ನಿಧಾನಕ್ಕೆ ಹೋಗೇ ಮುದುಕಿ, ಆತುರ ಏನಿಲ್ಲ" ಅಂದ. ಇಷ್ಟು ವರ್ಷದಲ್ಲಿ ನನ್ನ ಮಂಡಿಯ ಮೇಲೆ ಇಷ್ಟು ಕರುಣೆ ತೋರಿಸಿದವನಲ್ಲ. ಬಸ್ಸು ಹತ್ತಿ, ಮಾರುಕಟ್ಟೆಯ ಹತ್ತಿರ ಇಳಿದು, ಒಂದು ಚಹಾ ಕುಡಿದೆ. ಬೋತಾಳ ಶಾಲೆ ಬಿಡುವ ಹೊತ್ತು ಕಳೆಯಲಿ ಎಂದು ಇನ್ನೊಂದು ಕುಡಿದೆ. ಆಮೇಲೆ ಬೀದಿಯ ತುದಿಯಿಂದ ನಡೆದು ಬಂದೆ. ಗೇಟು ತಳ್ಳಿದೆ, ಬೆಣ್ಣೆಯಂತೆ ತೆರೆಯಿತು. ಅಕ್ತೋಸ್ ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ಮೂಳೆಗೆ ಬಾಯಿ ಹಾಕಿತು. ಮನೆಯವಳಿಗೆ ಅದೇಕೆ ಬೊಗಳೀತು? ಅವರು ನನ್ನಿಂದ ಮುಚ್ಚಿಡಲು ಮಾಡಿಕೊಂಡ ಏರ್ಪಾಡೆಲ್ಲ ಅವತ್ತು ನನಗೇ ಒದಗಿತು.

ಅಂಗಳದ ಬೇಸಿಗೆ ಅಡುಗೆಮನೆಯ ಕಿಟಕಿ ತೆರೆದಿತ್ತು. ಮುದುಕ ಮೂಲೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದ. ನನ್ನ ಮನೆಯಲ್ಲಿ ಚಾಕು ಎಲ್ಲಿದೆಯೆಂದೂ ಗೊತ್ತಿಲ್ಲದವನು! ಬೋತಾ ನೆಲದ ಮೇಲೆ, ಶೋಲ್ಪಾನಳ ಮಂಡಿಗೆ ಒರಗಿ ಕೂತಿದ್ದಳು. ಶೋಲ್ಪಾನ್ ಅವಳ ತಲೆ ಬಾಚುತ್ತಿದ್ದಳು. ನಿಧಾನವಾಗಿ, ಒಂದೊಂದೇ ಎಳೆ, ಮುಗಿದುಹೋಗುತ್ತದಲ್ಲ ಎನ್ನುವ ಹಾಗೆ. ಶಾಲೆಯಲ್ಲಿ ಟೀಚರಿಗೆ ಸೀನು ಬಂದ ಕಥೆಯನ್ನು ಬೋತಾ ಹೇಳುತ್ತಿದ್ದಳು. ಆ ಕಥೆ ನನಗೆ ಹೇಳಿರಲಿಲ್ಲ.

ಒಳಗೆ ನುಗ್ಗಿ ಏನೇನು ಹೇಳಬೇಕೆಂದು ಬಸ್ಸಿನಲ್ಲಿ ಎಲ್ಲವನ್ನೂ ಜೋಡಿಸಿಟ್ಟುಕೊಂಡಿದ್ದೆ. ಆದರೆ ಹಿಂದಕ್ಕೆ ಹೆಜ್ಜೆ ಹಾಕಿ ಬೀದಿಗೆ ಬಂದೆ. ರಾಬಿಗಾಳ ಕಿಟಕಿಯ ಕೆಳಗೆ ನಿಂತು, "ರಾಬಿಗಾ, ಏ ರಾಬಿಗಾ! ಈರುಳ್ಳಿ ಏನು ತುಟ್ಟಿ ಆಗಿದೆ ಅಂತೀಯಾ!" ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದೆ. ಅವಳು ಪರದೆ ಸರಿಸಿ, "ಅಕ್ಕ, ಕಿವುಡಿ ನಾನಲ್ಲ, ನೀವೇ ಆಗಿರ್ಬೇಕು" ಅಂದಳು. ಈರುಳ್ಳಿ, ಸಕ್ಕರೆ, ಹಿಟ್ಟು, ಎಲ್ಲದರ ಸಮಾಚಾರ ಮುಗಿಸಿ, ಗೇಟಿನ ತಗಡಿಗೆ ಚೀಲ ಬಡಿದು ಒಳಗೆ ಬಂದೆ. ಹಿತ್ತಲ ಬೇಲಿಯ ಸಂದಿನಲ್ಲಿ ಒಂದು ತಲೆವಸ್ತ್ರ ಮರೆಯಾಯಿತು. ನಾನು ಆ ಕಡೆ ನೋಡಲಿಲ್ಲ. ಬೋತಾ ಓಡಿಬಂದು ಸೊಂಟಕ್ಕೆ ಜೋತುಬಿದ್ದಳು. ಮುದುಕ "ಬೇಗ ಬಂದೆಯಲ್ಲ?" ಅಂದ. "ಆಸ್ಪತ್ರೆಯಲ್ಲಿ ಕರೆಂಟ್ ಇರ್ಲಿಲ್ಲ" ಅಂದೆ. "ಆಲೂಗಡ್ಡೆ ಯಾರ್ರೀ ಸುಲಿದಿದ್ದು?" ಅಂತ ಕೇಳಿದೆ. "ನಾನು" ಅಂದ. ಅದೊಂದೇ ಅವನು ಆಡಿದ ನಿಜ.

ಅಷ್ಟೇ ಕಣೆ ವಿಷಯ. ಎರಡನೆಯವಳೂ ಇಲ್ಲ, ಮೂರನೆಯವಳೂ ಇಲ್ಲ. ಹೆತ್ತವಳು ಬಂದು ಮಗುವಿನ ತಲೆ ಬಾಚಿ ಹೋಗುತ್ತಾಳೆ. ಬಾಚಲಿ. ಬೋತಾಳ ಪುಸ್ತಕದ ಚೀಲ ಮೊಳೆಯ ಮೇಲೇ ಇದೆ, ರಾತ್ರಿ ನನ್ನ ಸೆರಗು ಹಿಡಿದೇ ಮಲಗುತ್ತಾಳೆ. ನಾನು ಯಾರಿಗೂ ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ಮಂಗಳವಾರ, ಶುಕ್ರವಾರ ತಪ್ಪದೆ ಆಸ್ಪತ್ರೆಗೆ ಹೋಗುತ್ತೇನೆ, ಮಂಡಿ ಗುಣವಾದರೂ ಹೋಗುತ್ತೇನೆ. ನೀನು ಚಿಂತೆ ಮಾಡಬೇಡ. ನಿನ್ನ ಮಕ್ಕಳು ಮೊಮ್ಮಕ್ಕಳಿಂದ ಮನೆ ತುಂಬಿರಲಿ, ಒಲೆ ಆರದಿರಲಿ, ಆ ಹಟಮಾರಿ ಹಸು ಹೆಣ್ಣುಕರು ಹಾಕಲಿ. ಮತ್ತೆ ನೋಡುವವರೆಗೆ ದೇವರು ನಿನ್ನನ್ನು ಗಟ್ಟಿಯಾಗಿ ಇಟ್ಟಿರಲಿ.

ನಿನ್ನ ಉರ್ಕಿಯಾ

ತಾ.ಕ.: ಕಾಗದ ಮಡಚಿ ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದು ತೆಗೆದೆ. ನಿನಗೂ ಸುಳ್ಳು ಹೇಳಿದರೆ ನನಗೆ ಇನ್ನಾರಿದ್ದಾರೆ? ಕಿಟಕಿಯ ಹತ್ತಿರ ನೋಡಿದ್ದಷ್ಟನ್ನೇ ಬರೆದೆ, ಕೇಳಿಸಿದ್ದನ್ನು ಬರೆಯಲಿಲ್ಲ. ಶೋಲ್ಪಾನ್ ಮಗುವಿನ ತಲೆಗೆ ಸಡಿಲವಾಗಿ, ಚೆಂದವಾಗಿ, ಹೂವಿನ ದಂಡೆಯ ಹಾಗೆ ಜಡೆ ಹಾಕಿದ್ದಳು. ಬೋತಾ ಕನ್ನಡಿ ನೋಡಿಕೊಂಡು ಒಂದು ಸುತ್ತು ಕುಣಿದು ಬಂದು ಮತ್ತೆ ಅವಳ ಮುಂದೆ ಕೂತು ಹೇಳಿದಳು: "ಸಾಕು, ಬಿಚ್ಚು ಅಮ್ಮಾ. ಅಜ್ಜಿ ಬರೋ ಹೊತ್ತಾಗ್ತಾ ಬಂತು. ಅಜ್ಜಿ ಹಾಕೋ ಥರಾನೇ ಬಿಗಿಯಾಗಿ ಹಾಕ್ಬಿಡು, ಇಲ್ಲಾಂದ್ರೆ ಗೊತ್ತಾಗುತ್ತೆ, ಪಾಪ ಅವ್ರಿಗೆ ನೋವಾಗುತ್ತೆ." ಶೋಲ್ಪಾನ್ ತಾನು ಹೆಣೆದದ್ದನ್ನು ತಾನೇ ಬಿಚ್ಚಿ, ನನ್ನ ಹಾಗೆ ಹೆಣೆದಳು. ಸ್ವಲ್ಪ ಹೊತ್ತಿನ ಮೇಲೆ ಅದೇ ಹುಡುಗಿ ನನ್ನ ಸೊಂಟಕ್ಕೆ ಜೋತುಬಿದ್ದು "ಅಮ್ಮ ಬಂದ್ರು, ಅಮ್ಮ ಬಂದ್ರು" ಅಂದಳು.

ಆದ್ದರಿಂದ ಮೊದಲ ಕಾಗದದಲ್ಲಿ ಕೇಳಿದ್ದನ್ನೇ ಮತ್ತೆ ಕೇಳುತ್ತೇನೆ. ಸೀಮೆಎಣ್ಣೆಯ ಮದ್ದು ಸಾಲದು, ಮುದುಕ ಮತ್ತೆ ಎಣ್ಣೆ ಬಿಡುತ್ತಾನೆ. ಎಣ್ಣೆ ಬಿಟ್ಟರೂ ಕಿರುಗುಟ್ಟುವ ಹಾಗೆ ಏನಾದರೂ ಉಪಾಯ ಬರೆ. ನಾನು ಬರುವುದು ಅವರಿಗೆ ಬೇಲಿಯಾಚೆಯಿಂದಲೇ ಕೇಳಿಸಬೇಕು. ಜಡೆ ಬಿಚ್ಚಿ ಮತ್ತೆ ಹೆಣೆಯಲು ಹೊತ್ತು ಬೇಕಲ್ಲ.